ದೂರದ ಬೆಟ್ಟಕ್ಕೆ ದಾರಿ, ಹತ್ತಿರದ ನೆರಳಿಗೆ ಬೀಗ

ಪ್ರತಿ ಮಳೆಗಾಲದಲ್ಲೂ ನಮ್ಮ ಘಟ್ಟದ ರಸ್ತೆಗಳು ಒಂದಿಲ್ಲೊಂದು ಕಡೆ ಮುಚ್ಚಿಕೊಳ್ಳುತ್ತವೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದವು. 2019ರಲ್ಲಿ ಚಾರ್ಮಾಡಿ ಘಾಟಿ ಕುಸಿದು ಸಂಚಾರ ನಿಂತಿತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಗಂಗಾವಳಿ ನದಿಯವರೆಗೂ ಜಾರಿ ಜೀವಗಳನ್ನು ನುಂಗಿತು. ಅದೇ ತಿಂಗಳು ಶಿರಾಡಿಯಲ್ಲೂ ಮಣ್ಣು ಕುಸಿದು ವಾಹನಗಳು ಸಾಲುಗಟ್ಟಿ ನಿಂತವು. ಆಗೆಲ್ಲ ಆಡಳಿತ ಹೊರಡಿಸುವ ಪ್ರಕಟಣೆಯ ಭಾಷೆ ಒಂದೇ: ಅನಗತ್ಯ ಪ್ರಯಾಣ ಬೇಡ, ಮನೆಯಲ್ಲೇ ಇರಿ. ಮರುದಿನದ ಪತ್ರಿಕೆಯಲ್ಲಿ 'ಪ್ರವಾಸಿಗರಿಗೆ ನಿರಾಸೆ' ಎಂಬ ತಲೆಬರಹ. ತಿಂಗಳು ಕಳೆಯುವುದರೊಳಗೆ ಅದೇ ಘಾಟಿಯ ಮಂಜಿನ ಚಿತ್ರ ಹಾಕಿ 'ಬನ್ನಿ, ಮುಂಗಾರಿನ ಸೊಬಗು ಸವಿಯಿರಿ' ಎಂಬ ಜಾಹೀರಾತು.

ಈ ಪತ್ರಿಕೆಯ ಓದುಗರಿಗೆ ಇದು ಹೊಸ ಸಂಗತಿಯಲ್ಲ. ಗುಡ್ಡ ಕಡಿದು ರಸ್ತೆ ಅಗಲ ಮಾಡುವುದರ ಬಗ್ಗೆ, ರೆಸಾರ್ಟುಗಳ ಬಗ್ಗೆ, ಹೋಂಸ್ಟೇಗಳ ಚರಂಡಿ ಯಾವ ಹಳ್ಳಕ್ಕೆ ಸೇರುತ್ತದೆ ಎಂಬುದರ ಬಗ್ಗೆ ನಾವು ಸಾಕಷ್ಟು ಬರೆದಿದ್ದೇವೆ, ಧರಣಿ ಕೂತಿದ್ದೇವೆ, ಮನವಿಪತ್ರ ಕೊಟ್ಟಿದ್ದೇವೆ. ಆದರೆ ಆ ತಲೆಬರಹದ 'ನಿರಾಸೆ' ಎಂಬ ಪದವನ್ನು ಮಾತ್ರ ನಾವು ಪ್ರಶ್ನಿಸಿಲ್ಲ. ಹವಾಮಾನ ಕೆಟ್ಟು ಪ್ರಯಾಣ ನಿಂತರೆ ಮನುಷ್ಯನಿಗೆ ನಿರಾಸೆಯೇ ಆಗಬೇಕೆಂದು ವಿಧಿಸಿದವರು ಯಾರು? ಮನೆಯೆಂದರೆ ಪ್ರವಾಸ ರದ್ದಾದ ಮೇಲೆ ಉಳಿಯುವ ಜಾಗ, ಊರೆಂದರೆ ಬಸ್ಸು ಹತ್ತುವ ಜಾಗ ಎಂಬ ಈ ಪಾಠವನ್ನು ನಮಗೆ ಹೇಳಿಕೊಟ್ಟವರು ಯಾರು?

ಈ ಪ್ರಶ್ನೆಯನ್ನು ನಾನು ಕಲಬುರಗಿಯಿಂದ ಕೇಳುತ್ತಿದ್ದೇನೆ. ಮಲೆನಾಡಿನ ಪತ್ರಿಕೆಯಲ್ಲಿ ಬಿಸಿಲುನಾಡಿನ ಪ್ರಸ್ತಾಪವೇಕೆ ಎಂದು ಕೆಲವರು ಹುಬ್ಬೇರಿಸಬಹುದು. ನೌಕರಿಯ ನಿಮಿತ್ತ ಹಲವು ವರ್ಷಗಳಿಂದ ಈ ನಗರದಲ್ಲಿರುವ ಮಲೆನಾಡಿಗನಾದ ನನಗೆ ಎರಡು ನಾಡುಗಳ ರೋಗ ಒಂದೇ ಎಂದು ಕಾಣುತ್ತಿದೆ. ಒಂದು ನಾಡನ್ನು 'ನೋಡಲೇಬೇಕಾದ್ದು' ಎಂದು ಹಾಳುಗೆಡವಲಾಗುತ್ತಿದೆ. ಇನ್ನೊಂದನ್ನು 'ನೋಡಲೇನೂ ಇಲ್ಲದ್ದು' ಎಂದು ಹಾಳುಗೆಡವಲಾಗುತ್ತಿದೆ. ಅಲ್ಲಿ ಏನೂ ಇಲ್ಲವೆಂದು ಹೊರಟ ವಾಹನವೇ ಇಲ್ಲಿ ನಮ್ಮ ಗುಡ್ಡದ ತುದಿಗೆ ಬಂದು ನಿಲ್ಲುವುದು.

ಮಲೆನಾಡಿನಲ್ಲಿ ಕೆಟ್ಟ ಹವಾಮಾನವೆಂದರೆ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುತ್ತದೆ. ಕಲಬುರಗಿಯಲ್ಲಿ ಏಳೆಂಟು ನೂರು ಮಿಲಿಮೀಟರು ಬಿದ್ದರೆ ರೈತ ಕೈ ಮುಗಿಯುತ್ತಾನೆ. ಇಲ್ಲಿ ಮನುಷ್ಯನನ್ನು ಒಳಗೆ ಕೂಡಿಹಾಕುವುದು ಬಿಸಿಲು. ಬಯಲುಸೀಮೆಯಲ್ಲಿ ಗರಿಷ್ಠ ಉಷ್ಣಾಂಶ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ ಬಹಳ ಮೇಲೇರಿದಾಗ ಮಾತ್ರ ಹವಾಮಾನ ಇಲಾಖೆ ಅದನ್ನು ಬಿಸಿಗಾಳಿಯೆಂದು ಕರೆಯುತ್ತದೆ. ಗುಡ್ಡಗಾಡಿಗೆ ಆ ಮಿತಿ 30 ಡಿಗ್ರಿ. ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳ ವಾಡಿಕೆಯೇ 40ರ ಆಸುಪಾಸಿನಲ್ಲಿರುವುದರಿಂದ ಎಷ್ಟೋ ಬೇಗೆಯ ದಿನಗಳು ಬಿಸಿಗಾಳಿಯ ಲೆಕ್ಕಕ್ಕೇ ಸಿಗುವುದಿಲ್ಲ. ಸರ್ಕಾರಕ್ಕೂ ಈ ಬಿಸಿಲಿನ ಅರಿವಿದೆ. ಆ ಎರಡು ತಿಂಗಳು ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವಂತೆ ಹಲವು ವರ್ಷಗಳಿಂದ ಆದೇಶ ಹೊರಡುತ್ತಿದೆ. ಫೈಲುಗಳಿಗೆ ಒದಗಿದ ಈ ಕರುಣೆ ಮಕ್ಕಳಿಗೆ ಒದಗಿದೆಯೇ? ಅವರ ದೊಡ್ಡ ರಜೆ ಬೀಳುವುದು ಸರಿಯಾಗಿ ಇದೇ ತಿಂಗಳುಗಳಲ್ಲಿ. ಆಡಬೇಕಾದ ಹೊತ್ತಿನಲ್ಲಿ ಹೊರಗೆ ಕಾಲಿಡುವಂತಿಲ್ಲ. ಕಾಲಿಡಬಹುದಾದ ಡಿಸೆಂಬರ್, ಜನವರಿಯ ಹಿತವಾದ ದಿನಗಳಲ್ಲಿ ತರಗತಿಯಿಂದ ಹೊರಬರುವಂತಿಲ್ಲ.

ಇದಕ್ಕೆ ಸಮಾಜ ಕಂಡುಕೊಂಡಿರುವ ಪರಿಹಾರವೆಂದರೆ ಪಲಾಯನ. ಕಾಸಿದ್ದವರು ಏಪ್ರಿಲ್ ಬರುವುದಕ್ಕೆ ಮೊದಲೇ ಊಟಿಗೋ ಮಹಾಬಲೇಶ್ವರಕ್ಕೋ ಚಿಕ್ಕಮಗಳೂರಿಗೋ ಕೋಣೆ ಕಾದಿರಿಸುತ್ತಾರೆ. 2019ರ ನವೆಂಬರ್‌ನಲ್ಲಿ ಕಲಬುರಗಿಗೆ ವಿಮಾನ ನಿಲ್ದಾಣವೂ ಬಂತು. ಐನೂರು ಕಿಲೋಮೀಟರಿಗೂ ಮೇಲ್ಪಟ್ಟ ದಾರಿಯಲ್ಲಿ ಡೀಸೆಲ್ ಸುಟ್ಟುಕೊಂಡು ತಂಪನ್ನು ಅರಸಿ ಬರುವ ಕಾರು ತಾನು ಬಿಟ್ಟುಬಂದ ಊರನ್ನೂ, ತಾನು ತಲುಪಿದ ಊರನ್ನೂ ಇನ್ನಷ್ಟು ಬಿಸಿ ಮಾಡುತ್ತಿದೆ ಎಂಬುದನ್ನು ಶಾಲೆಯ ಮಕ್ಕಳಿಗೂ ಬಿಡಿಸಿ ಹೇಳಬೇಕಿಲ್ಲ.

ಇಲ್ಲೊಂದು ಎಚ್ಚರಿಕೆ. ನಮ್ಮ ಚಳವಳಿಯ ಒಳಗೇ ಒಂದು ದನಿ ಇತ್ತೀಚೆಗೆ ಗಟ್ಟಿಯಾಗುತ್ತಿದೆ: ಬಯಲಿನವರು ನಮ್ಮ ಬೆಟ್ಟಕ್ಕೆ ಬರುವುದೇ ಬೇಡ, ಗೇಟು ಹಾಕಿ, ಸುಂಕ ಹಾಕಿ ಎಂದು. ನಾನು ಇದನ್ನು ಒಪ್ಪುವುದಿಲ್ಲ. ಬೇಗೆಯಲ್ಲಿ ಬೆಂದವನು ತಂಪನ್ನು ಬಯಸುವುದು ಅಪರಾಧವಲ್ಲ. ಸುಂಕ ಹಾಕಿದರೆ ಉಳಿಯುವವರು ಸುಂಕ ಕಟ್ಟಬಲ್ಲ ಶ್ರೀಮಂತರು, ಹೊರಬೀಳುವವರು ವರ್ಷಕ್ಕೊಮ್ಮೆ ಸರ್ಕಾರಿ ಬಸ್ಸಿನಲ್ಲಿ ಬರುವ ಬಡ ಸಂಸಾರಗಳು. ನಾವು ಕೇಳಬೇಕಾದ ಪ್ರಶ್ನೆ ಬೇರೆ. ಇವರ ಊರಿನಲ್ಲೇ ಇದ್ದ ತಂಪು ಎಲ್ಲಿ ಹೋಯಿತು?

ಇತ್ತೇ ಎಂದು ಕೇಳುವವರು ಒಮ್ಮೆ ಮೇ ತಿಂಗಳ ನಡುಹಗಲು ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಗೆ ಬರಬೇಕು. 1347ರಲ್ಲಿ ಬಹಮನೀ ರಾಜ್ಯ ಸ್ಥಾಪನೆಯಾಗಿ ಈ ಊರು ರಾಜಧಾನಿಯಾಯಿತು. ಇಪ್ಪತ್ತು ವರ್ಷಗಳ ತರುವಾಯ, 1367ರಲ್ಲಿ, ಈ ಕಟ್ಟಡ ಎದ್ದಿತು. ಸಾಮಾನ್ಯವಾಗಿ ಇಂಥ ದೊಡ್ಡ ಮಸೀದಿಗಳ ನಡುವೆ ಆಕಾಶಕ್ಕೆ ತೆರೆದ ಅಂಗಳವಿರುತ್ತದೆ. ಇಲ್ಲಿ ಅಂಗಳವೇ ಇಲ್ಲ. ಇಡೀ ಹರವನ್ನು ಸಣ್ಣ ಸಣ್ಣ ಗುಮ್ಮಟಗಳಿಂದ ಮುಚ್ಚಲಾಗಿದೆ. ಬದಿಗಳಲ್ಲಿ ಅಗಲವಾದ, ಗಿಡ್ಡನೆಯ ಕಮಾನುಗಳು. ಹಾಗೇಕೆ ಕಟ್ಟಿದರೆಂದು ಪಂಡಿತರು ಚರ್ಚಿಸಲಿ. ನಡುಹಗಲಲ್ಲಿ ಹೊರಗಿನ ಕಾದ ಕಲ್ಲಿನ ಮೇಲಿಂದ ಆ ಕಮಾನುಗಳ ಸಾಲಿಗೆ ಕಾಲಿಟ್ಟವನಿಗೆ ಚರ್ಚೆ ಬೇಕಾಗುವುದಿಲ್ಲ, ಅವನ ಬೆವರೇ ಉತ್ತರ ಹೇಳುತ್ತದೆ. ದಪ್ಪ ಗೋಡೆ, ಎತ್ತರದ ಛಾವಣಿ, ಆಳಕ್ಕೆ ಇಳಿಯುತ್ತ ಹೋಗುವ ನೆರಳು. ನಗರದ ಪೂರ್ವಕ್ಕೆ ಹಫ್ತ್ ಗುಂಬಜ್ ಎಂದು ಕರೆಯುವ ಸುಲ್ತಾನರ ಗೋರಿಗಳಿವೆ. ಅಲ್ಲಿಯೂ ಇದೇ ಅನುಭವ. 1422ರಲ್ಲಿ ತೀರಿಕೊಂಡ ಫಿರೋಜ್ ಷಾನ ಜೋಡಿ ಗುಮ್ಮಟದ ಒಳಗೆ ನಿಂತು ಮಾತಾಡಿದರೆ ದನಿ ನಿಧಾನವಾಗಿ ಹಿಂತಿರುಗುತ್ತದೆ. ಅದೇ ವರ್ಷ ತೀರಿಕೊಂಡ ಬಂದೇ ನವಾಜರ ದರ್ಗಾಕ್ಕೆ ಎಲ್ಲ ಜಾತಿ ಮತದವರೂ ಬರುತ್ತಾರೆ. ಬಂದವರು ಹರಕೆ ಸಲ್ಲಿಸಿ ನೆರಳಿನಲ್ಲಿ ಕೂತು ಬುತ್ತಿ ಬಿಚ್ಚುತ್ತಾರೆ. ಶರಣಬಸವೇಶ್ವರ ದೇವಸ್ಥಾನದ ಪಕ್ಕದ ಅಪ್ಪನ ಕೆರೆಯ ದಂಡೆಯಲ್ಲಿ ಸಂಜೆಯಾಗುತ್ತಲೇ ಮಕ್ಕಳು, ಮುದುಕರು, ಮಿರ್ಚಿ ಭಜಿಯ ಗಾಡಿಗಳು. ಇವೆಲ್ಲ ಒಂದೇ ಊರಿನೊಳಗೆ, ಆಟೋದ ದೂರದಲ್ಲಿವೆ. ಆದರೆ ಕಲಬುರಗಿಯ ವಿದ್ಯಾರ್ಥಿಗಳನ್ನು ಕೇಳಿ ನೋಡಿ. ಮೈಸೂರು ಅರಮನೆ ನೋಡಿದವರು ಸಿಗುತ್ತಾರೆ, ತಮ್ಮ ಊರಿನ ಕೋಟೆಯೊಳಗೆ ಒಂದು ಗಂಟೆ ಸುಮ್ಮನೆ ಕೂತವರು ಸಿಗುವುದು ಕಷ್ಟ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಇಲಾಖೆಗಳು ಈಗ ನೀತಿಯನ್ನಾಗಿ ಮಾಡಿಕೊಂಡಿವೆ.

ಇನ್ನು ಕಮಲಾಪುರ. ನಗರದಿಂದ ಹುಮನಾಬಾದ್ ಹೆದ್ದಾರಿಯಲ್ಲಿ ನಲವತ್ತು ಕಿಲೋಮೀಟರಿನೊಳಗೆ ಸಿಗುವ, ಈಚಿನ ವರ್ಷಗಳಲ್ಲಿ ತಾಲೂಕು ಕೇಂದ್ರವಾದ ಊರು. 2017ರ ಅಕ್ಟೋಬರ್ 29ರಂದು ಉದ್ಘಾಟನೆಗೊಂಡ ಕಲಬುರಗಿ–ಬೀದರ್ ರೈಲು ಮಾರ್ಗದಲ್ಲಿ ಇದಕ್ಕೊಂದು ನಿಲ್ದಾಣವೂ ಇದೆ. ಇಲ್ಲಿಯೇ ಮರಗುತ್ತಿಯ ಬಳಿ ಗುಡ್ಡವನ್ನು ಕೊರೆದು ಒಂದೂವರೆ ಕಿಲೋಮೀಟರಿಗಿಂತ ಉದ್ದದ ಸುರಂಗ ಮಾಡಿದ್ದಾರೆ. ಕಲಬುರಗಿಯೆಂದರೆ ಚಪ್ಪಟೆ ಬಯಲು ಎಂದು ತಿಳಿದ ನಮ್ಮ ಮಲೆನಾಡಿಗರು ಈ ಸುರಂಗದ ಸುದ್ದಿ ಕೇಳಿದರೆ ಅಚ್ಚರಿಪಡುತ್ತಾರೆ. ನಿಜ, ನಗರದ ಸುತ್ತ ಕಪ್ಪು ಎರೆ ನೆಲ. ತೊಗರಿ, ಜೋಳದ ಹೊಲಗಳು ಕಣ್ಣು ಮುಟ್ಟುವವರೆಗೂ ಹರಡಿವೆ. ಆದರೆ ಈಶಾನ್ಯದ ಕಡೆಗೆ ಸಾಗಿದಂತೆ ನೆಲ ಏಳತೊಡಗುತ್ತದೆ, ಮಣ್ಣು ಕೆಂಪಾಗುತ್ತದೆ. ಬೀದರಿನ ಪ್ರಸ್ಥಭೂಮಿ ತಲುಪುವ ಹೊತ್ತಿಗೆ ನಮ್ಮ ಕರಾವಳಿ, ಮಲೆನಾಡಿನಲ್ಲಿ ಮನೆ ಕಟ್ಟಲು ಕಡಿಯುವ ಅದೇ ಜಂಬಿಟ್ಟಿಗೆ ಕಲ್ಲು ಕಾಲಡಿಯಲ್ಲಿರುತ್ತದೆ. ತೂತು ತೂತಾದ ಆ ಕಲ್ಲು ಮಳೆಯ ನೀರನ್ನು ಹೀರಿ ಕೆಳಗಿನ ಗಟ್ಟಿ ಕರಿಕಲ್ಲಿನವರೆಗೆ ಇಳಿಸುತ್ತದೆ. ಎರಡೂ ಕೂಡುವಲ್ಲಿ ಒರತೆ ಹುಟ್ಟುತ್ತದೆ. ಬೀದರಿನ ನೆಲದೊಳಗಿನ ಹಳೆಯ ಸುರಂಗ ಬಾವಿಗಳು ನಿಂತಿರುವುದು ಈ ಗುಟ್ಟಿನ ಮೇಲೆಯೇ.

ಕಮಲಾಪುರದ ಸುತ್ತಲಿನ ಕಣಿವೆಯಲ್ಲಿ, ಗುಡ್ಡದ ಇಳಿಜಾರಿನ ತೊರೆಗಳ ನೀರಿನ ಆಸರೆಯಲ್ಲಿ, ಕೆಂಪು ಬಾಳೆ ಬೆಳೆಯುತ್ತದೆ. ಸಿಪ್ಪೆ ಕೆಂಪು, ತಿರುಳು ಕೆನೆಬಣ್ಣ. ಬೇರೆ ಬಾಳೆ ವರ್ಷದೊಳಗೆ ಕೈಗೆ ಬಂದರೆ ಇದಕ್ಕೆ ಹದಿನೆಂಟು ತಿಂಗಳಷ್ಟು ತಾಳ್ಮೆ ಬೇಕು. ಕೊಟ್ಟಿಗೆ ಗೊಬ್ಬರ, ಕೆರೆಯ ಹೂಳು, ಕೆಂಪು ಮಣ್ಣು ಹಾಕಿ ಸಾಕಬೇಕು; ನೀರೂ ಹೆಚ್ಚು ಬೇಕು. 'ಕಮಲಾಪುರ ಕೆಂಪು ಬಾಳೆ' ಎಂಬ ಹೆಸರಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಆದರೂ ಬೆಳೆಯುವ ಪ್ರದೇಶ ಬಹಳ ಚಿಕ್ಕದು. ಬೆಲೆ ಹೆಚ್ಚಾದ್ದರಿಂದ ಇದನ್ನು ಶ್ರೀಮಂತರ ಹಣ್ಣು ಎನ್ನುತ್ತಾರೆ. ನನ್ನ ಮಟ್ಟಿಗೆ ಹಣ್ಣಿಗಿಂತ ತೋಟವೇ ದೊಡ್ಡ ಸಂಪತ್ತು. ಮೇ ತಿಂಗಳಲ್ಲಿ ಸುತ್ತಲ ಹೊಲಗಳು ಬಿರುಕು ಬಿಟ್ಟು ಬಾಯ್ದೆರೆದಿರುವಾಗ, ಬಾಳೆಯ ಎಲೆಗಳ ಅಡಿಯಲ್ಲಿ ಒದ್ದೆ ಮಣ್ಣಿನ ವಾಸನೆ. ತೋಟದೊಡೆಯರು ನಮ್ಮನ್ನು ಕೂರಿಸಿ ಮಜ್ಜಿಗೆ ಕೊಡುತ್ತಾರೆ, ಇಲ್ಲವೆನ್ನುವುದನ್ನು ಒಪ್ಪುವುದಿಲ್ಲ. ಬೆಳಕೋಟಾ ಬಳಿಯ ಗಂಡೋರಿ ನಾಲಾ ಜಲಾಶಯವೂ ಇದೇ ತಾಲೂಕಿನದು. ಮಳೆಗಾಲ ಮುಗಿದು ನೀರು ನಿಂತ ಮೇಲೆ ಅದರ ಅಂಚಿನಲ್ಲಿ ಕೊಕ್ಕರೆಗಳನ್ನು ನೋಡುತ್ತ ಒಂದು ಬೆಳಗನ್ನು ಕಳೆಯಲು ಯಾರ ಅಪ್ಪಣೆಯೂ ಬೇಡ, ಕೋಣೆಯನ್ನು ಕಾದಿರಿಸುವುದೂ ಬೇಡ.

ಇಲ್ಲಿಗೂ ಒಮ್ಮೊಮ್ಮೆ ಮಳೆ ರುದ್ರರೂಪ ತೋರುತ್ತದೆ. 2020ರ ಅಕ್ಟೋಬರ್‌ನಲ್ಲಿ ಸುರಿದ ಮಳೆಗೆ ಹಳ್ಳಗಳೆಲ್ಲ ಉಕ್ಕಿ, ಭೀಮಾ ನದಿ ದಡದ ಊರುಗಳನ್ನು ನುಗ್ಗಿ ಮುಳುಗಿಸಿದ್ದನ್ನು ಜಿಲ್ಲೆ ಇನ್ನೂ ಮರೆತಿಲ್ಲ. ಅಂಥ ಆಪತ್ತಿನ ಮಾತು ಬೇರೆ; ಮನೆಯೇ ಕೊಚ್ಚಿಹೋದವನಿಗೆ ಮನೆಯ ಬಳಿಯ ಸುಖದ ಬೋಧನೆ ಮಾಡುವಷ್ಟು ಕಟುಕರು ನಾವಲ್ಲ. ನಾನು ಹೇಳುತ್ತಿರುವುದು ವರ್ಷವರ್ಷವೂ ಬರುವ, ಬಂದು ಕೆಲವು ವಾರ ನಮ್ಮನ್ನು ಕಟ್ಟಿಹಾಕುವ ಹವೆಯ ಬಗ್ಗೆ. ಎರೆ ಮಣ್ಣು ನೆನೆದರೆ ಹೆಜ್ಜೆ ಹೆಜ್ಜೆಗೂ ಕಾಲಿಗೆ ಅಂಟಿ ಪಾದ ಆನೆಯ ಪಾದವಾಗುತ್ತದೆ. ಬಂಡಿ ಹೂಳುತ್ತದೆ, ಹೊಲದ ದಾರಿ ಮುಚ್ಚುತ್ತದೆ. ಇದರೊಂದಿಗೆ ಬದುಕಲು ಹಿರಿಯರು ಒಂದು ಸಂಸ್ಕೃತಿಯನ್ನೇ ಕಟ್ಟಿದ್ದರು. ಶ್ರಾವಣದಲ್ಲಿ ಗುಡಿಗಳಲ್ಲಿ ತಿಂಗಳಿಡೀ ಪುರಾಣ. ನಾಗಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳಿಗೆ ಊರ ಬೇವಿನ ಮರದಲ್ಲಿ ಜೋಕಾಲಿ. ರಾತ್ರಿ ತತ್ವಪದದ ಭಜನೆ. ಬೇಸಿಗೆಯಲ್ಲಿ ದಪ್ಪ ಕಲ್ಲುಗೋಡೆಯ, ಮಣ್ಣಿನ ಮಾಳಿಗೆಯ ಮನೆಯೊಳಗೆ ಶಹಾಬಾದ್ ಕಲ್ಲಿನ ನೆಲದ ಮೇಲೆ ಮಧ್ಯಾಹ್ನ ಕಳೆದು, ಹೊತ್ತು ಮುಳುಗಿದ ಮೇಲೆ ಮಾಳಿಗೆ ಹತ್ತಿ ಚುಕ್ಕಿಗಳ ಕೆಳಗೆ ಕತೆ. ರಂಜಣಿಗೆಯ ನೀರು, ಜೋಳದ ಅಂಬಲಿ. ಚಳಿಗಾಲದ ಎಳ್ಳ ಅಮಾವಾಸ್ಯೆಗಂತೂ ಇಡೀ ಕಲಬುರಗಿ ನಗರ ಅರ್ಧ ಖಾಲಿಯಾಗುತ್ತದೆ. ನೌಕರರು, ವಕೀಲರು, ವಿದ್ಯಾರ್ಥಿಗಳು ಎಲ್ಲರೂ ತಮ್ಮ ಹೊಲಕ್ಕೆ, ಹೊಲವಿಲ್ಲದವರು ಗೆಳೆಯರ ಹೊಲಕ್ಕೆ ಹೋಗುತ್ತಾರೆ; ಚರಗ ಚೆಲ್ಲಿ, ಭಜ್ಜಿ, ಕಡುಬು, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಉಂಡು ಬರುತ್ತಾರೆ. ಪ್ರವಾಸೋದ್ಯಮ ಇಲಾಖೆಯ ಯಾವ ಕೈಪಿಡಿಯೂ ಈ ಮಹಾಯಾತ್ರೆಯನ್ನು ಲೆಕ್ಕ ಹಿಡಿದಿಲ್ಲ, ಪುಣ್ಯ!

ನಮ್ಮಲ್ಲಿಯೂ ಹೀಗೆಯೇ ಇರಲಿಲ್ಲವೇ? ಮೇ ಕೊನೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆ ಹಿಡಿದ ರಾತ್ರಿಗಳಲ್ಲಿ ಮನೆಯ ಜಗಲಿಯಲ್ಲಿ ತಾಳಮದ್ದಳೆ ನಡೆಯುತ್ತಿತ್ತು. ವೇಷವಿಲ್ಲ, ರಂಗವಿಲ್ಲ, ಕುಣಿತವಿಲ್ಲ. ಮಳೆ ಇವನ್ನೆಲ್ಲ ಕಸಿದುಕೊಂಡ ಮೇಲೂ ಮಾತು ಮತ್ತು ಹಾಡು ಉಳಿದವು, ಉಳಿದದ್ದರಿಂದಲೇ ಒಂದು ಸ್ವತಂತ್ರ ಕಲೆ ಬೆಳೆಯಿತು. ಹಲಸಿನ ಹಪ್ಪಳ ಸುಡುತ್ತ ಗಮಕ ಕೇಳಿದ ಮನೆಗಳಲ್ಲಿ ಈಗ ಕೇಳುವ ಮಾತೇನು? 'ಮಳೆಗಾಲದಲ್ಲಿ ಇಲ್ಲಿ ಬೋರು, ಬೆಂಗಳೂರಿಗೆ ಹೋಗೋಣ.' ಬೆಂಗಳೂರಿನವನೋ ಇದೇ ಮಳೆಯನ್ನು ನೋಡಲು ಇಲ್ಲಿ ಬಂದು ಕೂತಿದ್ದಾನೆ.

ಇಷ್ಟಕ್ಕೆ ನಿಲ್ಲಿಸಿದರೆ ನನ್ನ ಮಾತು ಹಳೆಯ ಕಾಲದ ಹಳಹಳಿಕೆಯಾದೀತು. ನಿಜವಾದ ಜಗಳ ಮುಂದಿದೆ. ಬೇಸಿಗೆಯ ಎಚ್ಚರಿಕೆ ಹೊರಡಿಸುವ ಅಧಿಕಾರಿ ಮಧ್ಯಾಹ್ನ 12ರಿಂದ 3ರವರೆಗೆ ಮನೆಯಲ್ಲೇ ಇರಿ ಎನ್ನುತ್ತಾನೆ. ಯಾವ ಮನೆ? ಮಣ್ಣಿನ ಮಾಳಿಗೆಯ ಮನೆಗಳು ಹೋದವು. ಬಂದದ್ದು ಕಾಂಕ್ರೀಟಿನ ಪೆಟ್ಟಿಗೆ, ಬಡವನಿಗೆ ತಗಡಿನ ಶೀಟು. ತಗಡಿನ ಕೆಳಗೆ ಮೇ ತಿಂಗಳ ಎರಡು ಗಂಟೆಗೆ ಮೂರು ಮಕ್ಕಳೊಂದಿಗೆ ಕೂತ ತಾಯಿಗೆ ಮನೆ ಎನ್ನುವುದು ಆಶ್ರಯವಲ್ಲ, ಒಲೆ. ಅವಳು ಎಲ್ಲಿಗೆ ಹೋಗಬೇಕು? ಮರದ ಕೆಳಗೆ ಎಂದರೆ ರಸ್ತೆ ಅಗಲ ಮಾಡುವಾಗ ಮೊದಲು ಬೀಳುವುದು ಹಳೆಯ ಬೇವು, ಹುಣಸೆ. ಬದಲಿಗೆ ವಿಭಜಕದಲ್ಲಿ ನೆಟ್ಟ ಹೂವಿನ ಗಿಡದ ನೆರಳಿನಲ್ಲಿ ಒಂದು ಕೋಳಿಯೂ ಕೂರಲಾರದು. ಉದ್ಯಾನವನಕ್ಕೆ ಎಂದರೆ ನಮ್ಮ ರಾಜ್ಯದ ಊರೂರುಗಳಲ್ಲಿ ಉದ್ಯಾನಗಳು ವಾಯುವಿಹಾರಿಗಳ ಅನುಕೂಲಕ್ಕೆ ಬೆಳಿಗ್ಗೆ, ಸಂಜೆ ತೆರೆದು ನಡುಹಗಲು ಬೀಗ ಹಾಕಿಕೊಳ್ಳುವುದು ವಾಡಿಕೆಯಾಗಿಬಿಟ್ಟಿದೆ. ನೆರಳು ಅತ್ಯಂತ ಬೇಕಾದ ಹೊತ್ತಿಗೆ ಅದಕ್ಕೆ ಬೀಗ! ಮಾಲ್‌ಗೆ ಎಂದರೆ ಅಲ್ಲಿ ಚಪ್ಪಲಿ ಸವೆದವರನ್ನು ಕಾವಲುಗಾರ ನೋಡುವ ನೋಟವೇ ಸಾಕು.

ಹತ್ತಿರದ ಸುಖ ಎನ್ನುವುದು ಮನಸ್ಸಿನ ಸ್ಥಿತಿಯಲ್ಲ, ತೃಪ್ತಿಯ ಪ್ರವಚನವೂ ಅಲ್ಲ. ಅದಕ್ಕೆ ಮರ ಬೇಕು, ಕೆರೆ ಬೇಕು, ಕಲ್ಲಿನ ಕಟ್ಟೆ ಬೇಕು, ಕುಡಿಯುವ ನೀರಿನ ಅರವಟಿಗೆ ಬೇಕು, ಶೌಚಾಲಯ ಬೇಕು. ಹೆಣ್ಣುಮಕ್ಕಳು ನಿರ್ಭಯವಾಗಿ ಎರಡು ಗಂಟೆ ಕೂರಬಲ್ಲ ಜಾಗ ಬೇಕು. ಇವೆಲ್ಲ ಸಾರ್ವಜನಿಕ ಆಸ್ತಿ. ಇವನ್ನು ಕಿತ್ತುಕೊಂಡು, ಕಿತ್ತುಕೊಂಡದ್ದನ್ನು ಮರೆಮಾಚಲು ದೂರದ ಬೆಟ್ಟದ ಚಿತ್ರ ತೋರಿಸಲಾಗುತ್ತಿದೆ. ದೂರದ ಬೆಟ್ಟ ನುಣ್ಣಗೆ ಎಂಬ ಮಾತನ್ನು ನಾವು ಬೆಟ್ಟದವರೇ ಎಲ್ಲರಿಗಿಂತ ಚೆನ್ನಾಗಿ ಬಲ್ಲೆವು: ಹತ್ತಿರ ಬಂದು ನೋಡಿದರೆ ಅದರ ಮೈತುಂಬ ಜೆಸಿಬಿಯ ಗಾಯ.

ಕೆಲವು ಮಿತ್ರರು ಆಕ್ಷೇಪಿಸುತ್ತಾರೆ. ಪ್ರವಾಸ ಮಾಡಲು ದುಡ್ಡಿಲ್ಲದವನಿಗೆ 'ಮನೆಯ ಬಳಿಯೇ ಸುಖವಿದೆ' ಎನ್ನುವುದು ಬಡತನಕ್ಕೆ ಬಣ್ಣ ಬಳಿದಂತಲ್ಲವೇ? ಬರಿಯ ಮಾತಾಗಿ ಹೇಳಿದರೆ ಹೌದು. ಆದರೆ ದೇಶಾಂತರ ಹೋಗಬಲ್ಲವನಿಗೆ ಊರಿನ ಕೆರೆ ಹೂಳು ತುಂಬಿದರೂ ನಡೆಯುತ್ತದೆ. ಹೋಗಲಾರದವನಿಗೆ ಆ ಕೆರೆಯೇ ಸಮುದ್ರ, ಆ ಕಟ್ಟೆಯೇ ಗಿರಿಧಾಮ. ಹತ್ತಿರದ್ದು ಹಾಳಾದಾಗ ಮೊದಲು ಸೋಲುವವನು ಬಡವನೇ. ಇನ್ನೊಂದು ಆಕ್ಷೇಪ ನಮ್ಮ ಕಡೆಯದು: ಪ್ರವಾಸಿಗರು ಬಾರದಿದ್ದರೆ ಹೋಂಸ್ಟೇ ನಂಬಿದ ಹುಡುಗರ ಗತಿಯೇನು? ಇದು ಹಗುರವಾಗಿ ತಳ್ಳಿಹಾಕುವ ಮಾತಲ್ಲ. ಅಡಿಕೆ, ಕಾಫಿಯ ಬೆಲೆಯ ಏರಿಳಿತ ಕಂಡ ಸಂಸಾರಗಳಿಗೆ ಆ ಆದಾಯ ಆಸರೆಯಾಗಿದೆ. ಆದರೆ ಗುಡ್ಡ ಕುಸಿದ ವಾರಗಳಲ್ಲೂ ಬುಕಿಂಗ್ ನಿಲ್ಲಿಸಬಾರದೆಂಬ ಒತ್ತಡ ತರುವವರು ಯಾರೆಂದು ಅವರೇ ಬಲ್ಲರು. ಅವರು ಆ ಹುಡುಗರಲ್ಲ. ಮಳೆಯ ನಾಲ್ಕು ತಿಂಗಳು ಬೆಟ್ಟಕ್ಕೆ ವಿಶ್ರಾಂತಿ ಕೊಡಿ, ಹವೆ ತಿಳಿಯಾದ ಮೇಲೆ ಬಂದವರನ್ನು ಬಾಯಿತುಂಬ ಸ್ವಾಗತಿಸಿ. ಇದರಿಂದ ಯಾರ ಅನ್ನವೂ ಹೋಗದು.

ಶಿಕ್ಷಣ ಇಲಾಖೆಗೂ ಒಂದು ಮಾತು ಹೇಳಬೇಕಿದೆ. 'ಚಿಣ್ಣರ ಕರ್ನಾಟಕ ದರ್ಶನ' ಎಂದು ಸರ್ಕಾರಿ ಶಾಲೆಯ ಮಕ್ಕಳನ್ನು ಬಸ್ಸಿನಲ್ಲಿ ನಾಡು ತೋರಿಸಲು ಕರೆದೊಯ್ಯುವ ಯೋಜನೆ ಇದೆ. ಒಳ್ಳೆಯ ಯೋಜನೆ, ಬಡ ಮಗು ಸಮುದ್ರವನ್ನು ನೋಡಲಿ. ಆದರೆ ಕಲಬುರಗಿಯ ಮಗು ಕಮಲಾಪುರದ ಬಾಳೆಯ ತೋಟವನ್ನು, ತೊರೆಯನ್ನು, ಕೋಟೆಯ ನೆರಳನ್ನು ಮೊದಲು ನೋಡಬಾರದೇಕೆ? ಅದಕ್ಕೆ ಬೇಕಾದ್ದು ಡಿಸೆಂಬರ್‌ನ ಒಂದು ದಿನ, ಪ್ಯಾಸೆಂಜರ್ ರೈಲಿನ ಅಗ್ಗದ ಟಿಕೆಟ್, ಬುತ್ತಿ, ಮತ್ತು ಹುರುಪಿನ ಒಬ್ಬ ಮೇಷ್ಟ್ರು. ಟೆಂಡರು ಕರೆಯುವಷ್ಟು ಖರ್ಚಿಲ್ಲದ್ದರಿಂದಲೇ ಇದು ಯಾವ ಯೋಜನೆಯಲ್ಲೂ ಸೇರುವುದಿಲ್ಲವೋ ಏನೋ.

ಕಲಬುರಗಿಯ ಮಹಾನಗರ ಪಾಲಿಕೆ, ಜಿಲ್ಲಾಡಳಿತ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗಳ ಮುಂದೆ ಅಲ್ಲಿನ ನಾಗರಿಕರು ಇಡಬೇಕಾದ ಬೇಡಿಕೆ ದೊಡ್ಡದೇನಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನೆರಳಿರುವ ಪ್ರತಿ ಉದ್ಯಾನ, ಗ್ರಂಥಾಲಯ, ಸಮುದಾಯ ಭವನ ನಡುಹಗಲು ತೆರೆದಿರಲಿ, ಅಲ್ಲಿ ಕುಡಿಯುವ ನೀರಿರಲಿ. ರಸ್ತೆ ಬದಿಯ ಹಳೆಯ ಮರಕ್ಕೆ ಕೊಡಲಿ ಬೀಳುವ ಮೊದಲು ಅದರ ಕೆಳಗೆ ದಿನಾಲೂ ಕೂರುವವರನ್ನು ಕೇಳಲಿ: ತರಕಾರಿ ಮಾರುವವಳು, ಚಪ್ಪಲಿ ಹೊಲಿಯುವವನು, ಬಸ್ಸಿಗೆ ಕಾಯುವ ವಿದ್ಯಾರ್ಥಿ. ಕಮಲಾಪುರದ ಬಾಳೆಯ ಕಣಿವೆಯನ್ನು ರೆಸಾರ್ಟ್ ಮಾಡುವ ಆಲೋಚನೆ ಯಾರ ತಲೆಗಾದರೂ ಬರುವ ಮೊದಲೇ, ತೊರೆಗಳ ನೀರು ತೋಟಗಳಿಗೇ ಉಳಿಯುವಂತೆ ಕಾಯಲಿ. ಕೋಟೆಯೊಳಗೆ ತಲೆಮಾರುಗಳಿಂದ ಬದುಕುತ್ತಿರುವ ಸಂಸಾರಗಳಿವೆ. ಸ್ಮಾರಕದ ರಕ್ಷಣೆಯ ಮಾತು ಅವರನ್ನು ಬೀದಿಗೆ ಹಾಕುವ ಮಾತಾಗದಿರಲಿ.

ಇನ್ನು ನಾವು. ಈ ಸಲದ ಮಳೆಗಾಲದಲ್ಲಿ ಘಾಟಿ ಮುಚ್ಚಿದ ದಿನ ನಮ್ಮೂರಿನಲ್ಲಿ ಎಷ್ಟು ಜಗಲಿಗಳಲ್ಲಿ ದೀಪ ಉರಿಯುತ್ತದೆ, ಎಷ್ಟು ಶಾಲೆಗಳ ಬಾಗಿಲು ಸಂಜೆ ಊರವರಿಗೆ ತೆರೆದಿರುತ್ತದೆ, ತಾಳಮದ್ದಳೆಗೆ ಒಬ್ಬ ಭಾಗವತನಾದರೂ ಸಿಗುತ್ತಾನೆಯೇ? ವಿದ್ಯಾರ್ಥಿ ಮಿತ್ರರು ತಮ್ಮ ಊರಿನಿಂದ ಕಾಲ್ನಡಿಗೆಯಲ್ಲಿ ಮುಟ್ಟಬಹುದಾದ, ಮಳೆಯಲ್ಲೋ ಬಿಸಿಲಲ್ಲೋ ನಾಲ್ಕು ಜನ ಕೂರಬಹುದಾದ ಜಾಗಗಳ ಪಟ್ಟಿ ಮಾಡಲಿ: ಮರದ ಹೆಸರು, ಕಟ್ಟೆಯ ಸ್ಥಿತಿ, ಜಾಗ ಯಾರದು, ಬೀಗ ಯಾರ ಬಳಿ ಇದೆ. ಕಲಬುರಗಿಯ ನನ್ನ ವಿದ್ಯಾರ್ಥಿಗಳಿಗೂ ಇದೇ ಕೆಲಸ ಕೊಟ್ಟಿದ್ದೇನೆ. ಎರಡೂ ಕಡೆಯ ಪಟ್ಟಿಗಳನ್ನು ಗಣೇಶ ಚೌತಿಯ ಒಳಗೆ ಪತ್ರಿಕೆಗೆ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಎದುರುಬದುರು ಪುಟಗಳಲ್ಲಿ ಅಚ್ಚು ಹಾಕೋಣ.